ಬಸುರಿಯ ಪಾಲಿನ ಹುರಿಹಿಟ್ಟು

ಎಮ್ಮೆ ಮಿರಮಿರ ಮಿಂಚುತ್ತಿತ್ತು. ಕೊಂಬಿಗೆ ಎಣ್ಣೆ ಸವರಿದ್ದರು. ಪಕ್ಕೆ ತುಂಬಿಕೊಂಡು, ನನ್ನ ಕಡೆ ತಿರುಗಿ ನೋಡುವಷ್ಟೂ ಮರ್ಯಾದೆ ತೋರಿಸದೆ ಮೆಲುಕು ಹಾಕುತ್ತ ಮಲಗಿತ್ತು. ಅದರ ಪಕ್ಕದ ಜಗಲಿಯ ಮೇಲೆ ಆ ಮನೆಯ ಸೊಸೆ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಐದು ತಿಂಗಳ ಬಸುರಿ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ. ಎಮ್ಮೆಯನ್ನೂ ಅವಳನ್ನೂ ಒಟ್ಟಿಗೆ ನೋಡಿದಾಗ ನನಗೆ ಏನೋ ಅನುಮಾನ ಬಂತು.

"ಅಮ್ಮ, ಹೋದ ವಾರ ಬಾಲವಾಡಿಯಿಂದ ಕೊಟ್ಟ ಪುಡಿ ಎಲ್ಲಿ?" ಎಂದು ಅವಳ ಅತ್ತೆಯನ್ನು ಕೇಳಿದೆ.

ಅತ್ತೆ ಬಾಗಿಲಿಗೆ ಒರಗಿ ನಿಂತು ಎಲೆಯಡಿಕೆ ಜಗಿಯುತ್ತಿದ್ದರು. "ಯಾವ್ದು, ಆ ಇಂಡಿ ಪುಡಿಯಾ? ಎಮ್ಮೆಗೆ ಆಕ್ದೆ ಕಣವ್ವ. ಚೆಂದಾಗಿ ತಿಂತು," ಎಂದರು.

"ಎಮ್ಮೆಗಾ?"

"ಊಂ. ಯಾಕಂಗೆ ಕಣ್ ಬುಡ್ತೀಯಾ? ಎಮ್ಮೆ ತಿಂದ್ರೆ ಆಲು ಕೊಡ್ತದೆ. ಇವ್ಳು ತಿಂದ್ರೆ ಏನ್ ಕೊಟ್ಟಾಳು?"

ನನ್ನ ಬಾಯಿ ಯಾವತ್ತೂ ನನ್ನ ಮಾತು ಕೇಳಿದ್ದಿಲ್ಲ. "ಮೊಮ್ಮಗು ಕೊಡ್ತಾಳೆ ಕಣಮ್ಮ!" ಎಂದು ಕೂಗಿಬಿಟ್ಟೆ.

ಅತ್ತೆ ಜಗಿಯುವುದನ್ನು ನಿಲ್ಲಿಸಿದರು. "ಕೊಟ್ಟಿದ್ದ ಎಲ್ಡೂ ಮಣ್ಗೋದ್ವಲ್ಲ," ಎಂದರು. ಕೋಪವಿಲ್ಲದೆ, ಬಾವಿ ಬತ್ತಿತು ಅನ್ನುವ ಹಾಗೆ. ಸೊಸೆ ತಲೆ ಎತ್ತಲಿಲ್ಲ. ಮೊರ ಮಾತ್ರ ಒಂದು ಗಳಿಗೆ ನಿಂತು ಮತ್ತೆ ಆಡಿತು.

ಆಗ ನನಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಎಪ್ಪತ್ತರ ದಶಕದ ನಡುಭಾಗ. ಗೃಹವಿಜ್ಞಾನ ಓದಿ, ಮಂಡ್ಯದ ಮನೆಯಲ್ಲಿ ಕೂತು ಗಂಡು ಬರುವುದನ್ನು ಕಾಯಬೇಕಾದವಳು, ಕೂರಲಾಗದೆ ಒಂದು ಹಂಗಾಮಿ ಕೆಲಸಕ್ಕೆ ಸೇರಿಕೊಂಡಿದ್ದೆ. ಬಸುರಿಯರಿಗೆ, ಬಾಣಂತಿಯರಿಗೆ, ಎಳೆಮಕ್ಕಳಿಗೆ ಸರ್ಕಾರದಿಂದ ಪೌಷ್ಟಿಕ ಆಹಾರ ಹಂಚುವ ಯೋಜನೆ. ಮೊದಲು ಹೊರದೇಶದಿಂದ ಹಡಗಿನಲ್ಲಿ ಬರುತ್ತಿದ್ದ ಹಳದಿ ಹಿಟ್ಟನ್ನು ಕೊಡುತ್ತಿದ್ದರು. ಅದು ಬೇಗ ಕಮಟು ಹಿಡಿಯುತ್ತಿತ್ತು, ಮಕ್ಕಳು ಥೂ ಎಂದು ಉಗುಳುತ್ತಿದ್ದವು. ಆಮೇಲೆ ಅದು ಬರುವುದೂ ಕಡಿಮೆಯಾಯಿತು. ನಿಮ್ಮ ಜಿಲ್ಲೆಯ ಕಾಳುಕಡ್ಡಿಯಲ್ಲೇ ಏನಾದರೂ ಮಾಡಿ ನೋಡಿ ಎಂದು ಮೇಲಿನಿಂದ ಅಪ್ಪಣೆ ಬಂತು. ಮಾಡಿ ನೋಡುವವರು ಯಾರು? ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಡಾಕ್ಟರು ಮತ್ತು ನಾನು. ಕಚೇರಿಯ ಹಿಂದಿನ ಹಂಚಿನ ಕೋಣೆ, ಎರಡು ಸೌದೆ ಒಲೆ, ಒಂದು ತಕ್ಕಡಿ. ಡಾಕ್ಟರು ಅದನ್ನು ಪ್ರಯೋಗಶಾಲೆ ಎನ್ನುತ್ತಿದ್ದರು. ನಮ್ಮಮ್ಮ ಅದನ್ನು ಹೊಗೆಮನೆ ಎನ್ನುತ್ತಿದ್ದಳು.

ರಾಗಿಗೆ ಮಜ್ಜಿಗೆ ನೀರು ಚಿಮುಕಿಸಿ, ನೆರಳಲ್ಲಿ ಆರಿಸಿ, ಕಾದ ಮರಳಲ್ಲಿ ಹುರಿದರೆ ಬೆಳ್ಳಗೆ ಅರಳುತ್ತದೆ. ಅದನ್ನು ಬೀಸಿದರೆ ಹುರಿಹಿಟ್ಟು. ನಮ್ಮ ಕಡೆ ಅದಕ್ಕೆ ಹಾಲು ಬೆಲ್ಲ ಕಲಸಿ ತಿನ್ನದ ಮಕ್ಕಳುಂಟೆ? ನಾನು ಅದಕ್ಕೆ ಹುರಿದ ಹೆಸರುಬೇಳೆ, ಸಿಪ್ಪೆ ಉಜ್ಜಿದ ಕಡಲೆಕಾಯಿ ಬೀಜ, ಮದ್ದೂರು ಕಡೆಯ ಆಲೆಮನೆಯ ಬೆಲ್ಲ ಸೇರಿಸಿದೆ. ಒಂದು ಸಲ ಬೇಳೆ ಹೆಚ್ಚು, ಒಂದು ಸಲ ಬೀಜ ಹೆಚ್ಚು, ಒಂದು ಸಲ ಬೆಲ್ಲ ಜಾಸ್ತಿಯಾಗಿ ಪುಡಿ ಗಟ್ಟಿ ಕಟ್ಟಿ ಸುತ್ತಿಗೆಯಲ್ಲಿ ಒಡೆಯಬೇಕಾಯಿತು. ಇನ್ನೊಂದು ಸಲ ಮಿಲ್ಲಿನವನು ಯಾರದೋ ಮೆಣಸಿನಕಾಯಿ ಬೀಸಿದ ಕಲ್ಲಿಗೇ ನಮ್ಮದನ್ನೂ ಸುರಿದುಬಿಟ್ಟ. ಡಾಕ್ಟರು ಒಂದು ಚಮಚ ಬಾಯಿಗೆ ಹಾಕಿಕೊಂಡವರು ಕಣ್ಣೀರು ಸುರಿಸುತ್ತ, "ಪೌಷ್ಟಿಕವಾಗಿಯೇ ಇದೆ ತಾಯಿ, ಆದರೆ ಬಸುರಿ ಇದನ್ನು ತಿಂದರೆ ಇವತ್ತೇ ಹೆರಿಗೆ," ಎಂದರು.

ಅಂತೂ ಒಂದು ಹದ ಸಿಕ್ಕಿತು. ಡಾಕ್ಟರು ತಲೆಯಾಡಿಸಿದರು. ಮಳವಳ್ಳಿ ದಾಟಿ ಬ್ಲಫ್ ವಿದ್ಯುತ್ ಕೇಂದ್ರದ ಕಡೆ ಹೋಗುವ ರಸ್ತೆಯ ಒಂದು ಹಳ್ಳಿಯಲ್ಲಿ ಹಂಚಿ ನೋಡುವುದು ಎಂದಾಯಿತು. ಆ ಹಳ್ಳಿಯನ್ನು ಆರಿಸಿದ್ದು ನಾನೇ, ಆ ಸೊಸೆ ಹುಡುಗಿಯ ಕಾರಣಕ್ಕೆ. ಹಿಂದಿನ ವರ್ಷ ಮಕ್ಕಳ ತೂಕ ನೋಡುವುದಕ್ಕೆ ಅಲ್ಲಿಗೆ ಹೋಗಿದ್ದಾಗ ಅವಳ ಎರಡನೆಯ ಕೂಸನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತೂಗಿದವಳು ನಾನು. ತಕ್ಕಡಿಯ ಮುಳ್ಳು ಅಲುಗಿದ್ದೇ ಹೆಚ್ಚು. ಕೂಸು ಅಳಲೂ ಇಲ್ಲ, ಅಳುವುದಕ್ಕೆ ಬೇಕಾದ ಕಸುವು ಅದಕ್ಕಿರಲಿಲ್ಲ. ಮುಂದಿನ ವಾರ ಹೋದಾಗ ಜೋಲಿಯೊಳಗೆ ಇಡಲು ಕೂಸೇ ಇರಲಿಲ್ಲ. ಮೊದಲನೆಯದೂ ಹೀಗೇ ಸಣ್ಣದಾಗಿ ಹುಟ್ಟಿ ಹೋಗಿತ್ತಂತೆ. ಈಗ ಮೂರನೆಯದು. ಇದೂ ಉಳಿಯದಿದ್ದರೆ ಮಗನಿಗೆ ಬೇರೆ ಹೆಣ್ಣು ನೋಡುತ್ತಾರೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿತ್ತು. ಇದನ್ನು ಅವಳ ಮುಂದೆಯೇ ಹೇಳುತ್ತಿದ್ದರು.

ಆ ಕೂಸಿನ ಪಾಲಿನ ಪುಡಿಯನ್ನು ಎಮ್ಮೆ ತಿಂದು ಕೂತಿತ್ತು.

ಮಂಡ್ಯಕ್ಕೆ ವಾಪಸು ಬರುವ ಬಸ್ಸಿನಲ್ಲಿ ಕೂರಲಾಗಲಿಲ್ಲ. ಭಾರತೀನಗರದಲ್ಲಿ ಕಬ್ಬಿನ ಗಾಡಿಗಳು ರಸ್ತೆ ತುಂಬಿ ಬಸ್ಸು ನಿಂತೇಬಿಟ್ಟಿತು. ಕಾಲೇಜು ಹುಡುಗರು ಹತ್ತಿ ಇಳಿದು ಗಲಾಟೆ ಮಾಡುತ್ತಿದ್ದರು. ನಾನು ಇಳಿದು, ಗಾಡಿಗಳ ನಡುವೆ ಅತ್ತಿಂದಿತ್ತ ನಡೆದು, ಮತ್ತೆ ಹತ್ತಿ, ಮತ್ತೆ ಇಳಿದೆ. "ಏನಮ್ಮ, ಬಸ್ಸು ನೀನೇ ತಳ್ಕೊಂಡ್ ಓಯ್ತೀಯಾ?" ಎಂದು ಕಂಡಕ್ಟರು ಕೇಳಿದ. ತಳ್ಳಿದರೆ ಹೋಗುವ ಹಾಗಿದ್ದರೆ ತಳ್ಳುತ್ತಿದ್ದೆ.

ಡಾಕ್ಟರಿಗೆ ಹೇಳಿದರೆ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆಮೇಲೆ ಅವರೇ ಎದ್ದು ಹೋಗಿ ಮೂಲೆಯಲ್ಲಿದ್ದ ಗೋಣಿಚೀಲವನ್ನು ಮೂಸಿ ನೋಡಿ, "ನೀನೇ ನೋಡು," ಎಂದರು. ಕಡಲೆಕಾಯಿ ಹಿಂಡಿಯ ವಾಸನೆ. ಪುಡಿ ಸಾಗಿಸಲು ನಾವು ತಂದಿದ್ದ ಚೀಲಗಳೆಲ್ಲ ದನದ ಹಿಂಡಿ ತುಂಬಿದ್ದ ಹಳೆಯ ಚೀಲಗಳು. ರಾಗಿ, ಕಡಲೆಕಾಯಿ, ಬೆಲ್ಲ, ಮೇಲೆ ಹಿಂಡಿಯ ಚೀಲ. ಕರು ಹಾಕಿದ ಎಮ್ಮೆಗೆ ಕೊಡುವುದೇ ಇದನ್ನು. ಆ ಅತ್ತೆಯ ಜಾಗದಲ್ಲಿ ನಾನಿದ್ದರೂ ಎಮ್ಮೆಗೇ ಹಾಕುತ್ತಿದ್ದೆ.

"ಸರಿ, ಎಮ್ಮೆಗೆ ಹಾಕಲು ಕೈಯೇ ಬರದ ಹಾಗೆ ಮಾಡ್ತೀನಿ," ಎಂದೆ.

ಏಲಕ್ಕಿ ಹಾಕಿದೆ. ಚೂರು ತುಪ್ಪ ಮುಟ್ಟಿಸಿ ಉಂಡೆ ಕಟ್ಟಿದೆ. ಹೊಸ ತಗಡಿನ ಡಬ್ಬ ತರಿಸಿದೆ. ಏಲಕ್ಕಿ ಹಾಕಿದ್ದನ್ನು ಯಾವ ಒಕ್ಕಲು ಮಗಳು ದನದ ಮುಂದೆ ಸುರಿಯುತ್ತಾಳೆ? ಡಬ್ಬ ತೆರೆದರೆ ಹಬ್ಬದ ಮನೆಯ ಘಮ. ಡಾಕ್ಟರು ಒಂದು ತಿಂದು, ಇನ್ನೊಂದಕ್ಕೆ ಕೈ ಹಾಕಿದಾಗ ನಾನು ಡಬ್ಬ ಮುಚ್ಚಿದೆ. ಗೆದ್ದೆ ಅಂದುಕೊಂಡೆ.

ಮುಂದಿನ ತಿಂಗಳು ಆ ಮನೆಗೆ ಹೋದರೆ ಅತ್ತೆಯ ಮುಖದಲ್ಲಿ ಕಳೆ. "ಬಾವ್ವ ಪುಡಿಯಮ್ಮ, ಬಾ! ಏನ್ ತಂಬಿಟ್ ಮಾಡಿದ್ಯೇ ತಾಯಿ! ನಮ್ ಯಜಮಾನ್ರು ಎಲ್ಡೇ ದಿನಕ್ಕೆ ಡಬ್ಬ ಬಳ್ದುಬುಟ್ರು. ಒಂದ್ನ ಮಾರಮ್ಮನ ಮುಂದೆ ಮಡಗಿ, ಬೀದಿ ಐಕ್ಳಿಗೂ ಕೊಟ್ಟೆ," ಎಂದರು.

"ನಿಮ್ಮ ಸೊಸೆಗೆ?"

"ಅವ್ಳಿಗೇನು, ಮಿಕ್ಕಿದ್ರೆ ತಿಂತಾಳೆ."

ಮಿಕ್ಕಿರಲಿಲ್ಲ. ಯಾವತ್ತೂ ಮಿಕ್ಕುವುದಿಲ್ಲ. ಅಷ್ಟು ದಿನ ಆ ಮನೆಗೆ ಹೋಗಿ ಬಂದರೂ ನಾನು ಪುಡಿಯನ್ನೇ ನೋಡುತ್ತಿದ್ದೆ, ಒಲೆಯ ಮುಂದೆ ಏನಾಗುತ್ತದೆಂದು ನೋಡಿರಲಿಲ್ಲ. ಅವತ್ತು ಹಟ ಹಿಡಿದು ಊಟದ ಹೊತ್ತಿನವರೆಗೂ ಕೂತೆ. ಆ ಕಡೆ ಹಿಟ್ಟು ಅಂದರೆ ಮುದ್ದೆ, ಮುದ್ದೆ ಅಂದರೆ ಊಟ. ಮೊದಲು ಮಾವ ಉಂಡರು, ಆಮೇಲೆ ಗಂಡ, ಮೈದುನರು. ಆಮೇಲೆ ಅತ್ತೆ. ಎಲ್ಲರಿಗೂ ಬಡಿಸಿದ್ದು ಸೊಸೆ. ಕೊನೆಗೆ ಅವಳು ಗಡಿಗೆಯ ತಳಕ್ಕೆ ಅಂಟಿದ್ದ ಸೀಕನ್ನು ಕೆರೆದು, ಆರಿ ಕಲ್ಲಾಗಿದ್ದ ಅರ್ಧ ಮುದ್ದೆಯನ್ನು ನೀರಾಗಿದ್ದ ಸಾರಿನಲ್ಲಿ ಅದ್ದಿ, ಗೋಡೆಯ ಕಡೆ ಮುಖ ಮಾಡಿ ನುಂಗಿದಳು. ನುಂಗುವಷ್ಟರಲ್ಲಿ ಯಾರೋ ನೀರು ಕೇಳಿದರು. ಎದ್ದಳು.

ಅವರೇನು ಕೆಟ್ಟ ಜನವಲ್ಲ. ನನಗೂ ಊಟಕ್ಕೆ ಕೂರು ಎಂದು ಒತ್ತಾಯ ಮಾಡಿದರು, ಬೆಣ್ಣೆ ಹಾಕಿದರು. ಮಂಡ್ಯದ ನಮ್ಮ ಮನೆಯಲ್ಲಿ ಮಾತ್ರ ಏನು ವಾಸಿ? ಅಪ್ಪ, ಅಣ್ಣಂದಿರು, ನಾವೆಲ್ಲ ಎದ್ದ ಮೇಲೆ ನಮ್ಮಮ್ಮ ಪಾತ್ರೆಗಳ ನಡುವೆ ಕೂತು ಉಳಿದದ್ದನ್ನು ಕಲಸಿಕೊಳ್ಳುತ್ತಿದ್ದಳು. ಅದನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ನೋಡಿಯೂ ನೋಡಿರಲಿಲ್ಲ.

ಏನು ಮಾಡುವುದು? ಆ ಮನೆಗೆ ಏನು ಕೊಟ್ಟರೂ ಅದು ಮನೆಯದಾಗುತ್ತಿತ್ತು, ಅವಳದಾಗುತ್ತಿರಲಿಲ್ಲ. ಬಾಲವಾಡಿಯಲ್ಲೇ ಬಂದು ತಿನ್ನಲಿ ಎಂದೆ. ಬೀದಿಯಲ್ಲಿ ಕೂತು ಒಬ್ಬಳೇ ತಿನ್ನುವುದೇ, ಕಣ್ಣು ಬೀಳುತ್ತದೆ ಎಂದು ಅತ್ತೆ ಕಳಿಸಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟೆ, ಮಲ ಕಪ್ಪಾಯಿತೆಂದು ಬಚ್ಚಲಿಗೆ ಎಸೆದರು. ಒಂದು ಕಡೆ ದಿನ ಓಡುತ್ತಿತ್ತು, ಅವಳ ಹೊಟ್ಟೆ ಬೆಳೆಯಬೇಕಾದಷ್ಟು ಬೆಳೆಯುತ್ತಿರಲಿಲ್ಲ. ನಾನು ಹಂಚಿನ ಕೋಣೆಯಲ್ಲಿ ಒಲೆಯಿಂದ ಬಾಗಿಲಿಗೆ, ಬಾಗಿಲಿಂದ ಒಲೆಗೆ ಸುತ್ತುತ್ತಿದ್ದೆ. "ಊರಿಗೆ ಉಪಕಾರಿ, ಮನೆಗೆ ಮಾರಿ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದ್ದೀಯಾ, ಒಂದು ಕಡೆ ಕೂತ್ಕೊಳ್ಳೇ," ಎಂದು ಅಮ್ಮ ಬೈಯುತ್ತಿದ್ದಳು. ಕೂತರೆ ಆ ತಕ್ಕಡಿಯ ಮುಳ್ಳು ಕಣ್ಣ ಮುಂದೆ ಬರುತ್ತಿತ್ತು.

ಅದೇ ಹೊತ್ತಿಗೆ ನಮ್ಮಕ್ಕ ಬಾಣಂತನಕ್ಕೆ ತವರಿಗೆ ಬಂದಳು. ಬಂದ ದಿನವೇ ಅವಳಿಗೆ ಹುಣಿಸೆ ಚಿಗುರಿನ ಗೊಜ್ಜು ಬೇಕಾಯಿತು. ಆ ಕಾಲವಲ್ಲದ ಕಾಲದಲ್ಲಿ ಚಿಗುರು ಎಲ್ಲಿಂದ ತರುವುದು? ನಮ್ಮಪ್ಪ, ಒಂದು ಲೋಟ ನೀರನ್ನೂ ತಾನಾಗಿ ಬಗ್ಗಿಸಿಕೊಳ್ಳದ ನಮ್ಮಪ್ಪ, ಬಿಸಿಲಲ್ಲಿ ಸೈಕಲ್ಲು ತುಳಿದುಕೊಂಡು ಹೋಗಿ ಎಲ್ಲಿಂದಲೋ ಒಂದು ಹಿಡಿ ತಂದರು.

"ಅಷ್ಟೊಂದು ಯಾಕಪ್ಪಾ?" ಎಂದು ನಾನು ನಕ್ಕೆ.

"ಬಸುರಿ ಬಯಕೆ ಕಣೇ. ತೀರಿಸದಿದ್ದರೆ ಹುಟ್ಟೋ ಮಗುವಿಗೆ ಕಿವಿ ಸೋರುತ್ತೆ," ಎಂದಳು ಅಮ್ಮ, ಗೊಜ್ಜಿಗೆ ಒಗ್ಗರಣೆ ಹಾಕುತ್ತ. ಗೊಜ್ಜು ಮೊದಲು ಅಕ್ಕನ ಎಲೆಗೇ ಬಿತ್ತು. ಅಪ್ಪ ಕಾದರು.

ನಾನು ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿಗೆ ಓಡಿದೆ. ಕಿವಿ ಸೋರುವುದಕ್ಕೂ ಬಯಕೆಗೂ ಸಂಬಂಧವಿಲ್ಲ ಎಂದು ನನಗೆ ಗೊತ್ತಿಲ್ಲವೆ? ಗೊತ್ತು. ಡಾಕ್ಟರಿಗೆ ಹೇಳಿದರೆ ಬೈಯುತ್ತಾರೆ ಎಂದೂ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ.

ಸೊಸೆ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಏಳನೆಯ ತಿಂಗಳು. ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಗಿಣಿಗೆ ಹೇಳಿಕೊಟ್ಟ ಹಾಗೆ ಹೇಳಿಕೊಟ್ಟೆ: "ನಾನು ನಿಮ್ಮತ್ತೆ ಎದುರಿಗೆ, ನಿನಗೇನು ಬಯಕೆ ಅಂತ ಕೇಳ್ತೀನಿ. ನೀನು ಆ ಉಂಡೆ ಅನ್ನು. ದಿನಾ ತಿನ್ನೋ ಆಸೆ ಅನ್ನು. ಅಷ್ಟೇ. ಆಮೇಲೆ ಡಬ್ಬ ಯಾರೂ ಮುಟ್ಟಲ್ಲ."

ಅವಳು ಬೂದಿಗೈಯಲ್ಲೇ ತಡೆದಳು. "ಬ್ಯಾಡಿ ಅಮ್ಮಾರೆ. ಮೊದಲ್ನೇ ಬಸ್ರೀಲಿ ಅಲಸಿನಣ್ಣು ಬೇಕು ಅಂದಿದ್ದೆ. ತಂದ್ಕೊಟ್ರು. ಮಗ ಓದ್ಮೇಲೆ, ಇವ್ಳು ಅಲಸಿನಣ್ ತಿಂದೇ ಮಗೀನ್ ತಿನ್ಕಂಡ್ಳು ಅಂದ್ರು. ಆಮ್ಯಾಕೆ ನಾನು ಏನೂ ಬೇಕು ಅಂದಿಲ್ಲ," ಎಂದಳು.

ಅವಳು ನನ್ನ ಹತ್ತಿರ ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಆದರೂ ಬಿಡಲಿಲ್ಲ. "ಇದು ಹಲಸಿನಹಣ್ಣಲ್ಲ, ಉಂಡೆ. ಈ ಕೂಸು ಉಳೀಬೇಕೋ ಬೇಡವೋ?" ಎಂದೆ. ಬಹಳ ಹೊತ್ತು ಪಾತ್ರೆ ಉಜ್ಜಿದಳು. ಆಮೇಲೆ ತಲೆಯಾಡಿಸಿದಳು.

ಒಳಗೆ ಅತ್ತೆ ಮುದ್ದೆ ತೊಳಸುತ್ತಿದ್ದರು. ಹೊಲದಿಂದ ಗಂಡಸರು ಬರುವ ಹೊತ್ತು. ನಾನು ನಾಟಕದವಳ ಹಾಗೆ ದನಿ ಎತ್ತಿದೆ. "ಅಲ್ಲಮ್ಮ, ಏಳು ತಿಂಗಳಾಯ್ತು. ನಿಮ್ಮ ಸೊಸೆಗೆ ಬಯಕೆ ಏನು ಅಂತ ಕೇಳಿದ್ದೀರಾ?"

"ಅವ್ಳು ಬಾಯೇ ಬುಡಾಕಿಲ್ವಲ್ಲವ್ವ."

"ಬಿಡದಿದ್ದರೆ? ಹುಟ್ಟೋ ಮಗು ಕಿವಿ ಸೋರಿಸಿಕೊಂಡು ಹುಟ್ಟಲಾ?"

ಅತ್ತೆಯ ಕೋಲು ನಿಂತಿತು. "ಬುಡ್ತು ಅನ್ನವ್ವ!" ಎಂದು ಸೊಸೆಯ ಕಡೆ ತಿರುಗಿದರು. "ಏಯ್, ಏಳ್ಬಾರ್ದ? ಏನ್ ಆಸೆ ಏಳು. ನಾನೇನ್ ನಿನ್ನ ನುಂಗಾಕಿಲ್ಲ."

ನಾನು ಅವಳ ಹಿಂದೆ ನಿಂತು ಉಂಡೆ, ಉಂಡೆ ಎಂದು ಮನಸ್ಸಿನಲ್ಲೇ ಜಪ ಮಾಡುತ್ತಿದ್ದೆ. ಅವಳು ಒಲೆಯ ಕಡೆ ನೋಡಿದಳು. ಗಡಿಗೆಯಿಂದ ಹಬೆ ಏಳುತ್ತಿತ್ತು.

"ಇಟ್ಟು," ಎಂದಳು.

"ಏನಂದೆ?" ಎಂದರು ಅತ್ತೆ.

"ಬಿಸಿ ಇಟ್ಟು ಉಣ್ಬೇಕು ಅಂತ. ಎಲ್ಲಾರ್ಗಿಂತ ಮುಂಚೆ."

ದೇವರಾಣೆಗೂ ಹೇಳುತ್ತೇನೆ, ಮೊದಲು ನನಗೆ ಬಂದದ್ದು ಸಿಟ್ಟು. ಅಯ್ಯೋ ಪುಣ್ಯಾತ್ಗಿತ್ತಿ, ಎಲ್ಲ ಕೆಡಿಸಿಬಿಟ್ಟೆಯಲ್ಲ! ಅಷ್ಟು ತಿಂಗಳು ಹುರಿದು, ಬೀಸಿ, ತೂಗಿ, ಕಟ್ಟಿದ ನನ್ನ ಉಂಡೆಯನ್ನು ಬಿಟ್ಟು, ಬರೀ ಮುದ್ದೆ ಕೇಳುತ್ತೀಯಲ್ಲ! ಮರುಗಳಿಗೆಗೆ ಅವಳು ಕೇಳಿದ್ದು ಏನೆಂದು ತಿಳಿಯಿತು.

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಅವರು ಸೊಸೆಯನ್ನೇ ನೋಡಿದರು. ಆಮೇಲೆ ಕೈ ನೀರಿಗೆ ಅದ್ದಿ, ಗಡಿಗೆಯಿಂದ ಮೊದಲ ಮುದ್ದೆ ಕಟ್ಟಿ ತಟ್ಟೆಗೆ ಹಾಕಿದರು. ಸಾರು ಬಿಟ್ಟರು. ಬೆಣ್ಣೆ ಇಟ್ಟರು. "ಕೂತ್ಕ," ಎಂದರು.

ಅಷ್ಟರಲ್ಲಿ ಮಾವ, ಗಂಡ, ಮೈದುನರು ಕಾಲು ತೊಳೆದುಕೊಂಡು ಒಳಗೆ ಬಂದರು. ಸೊಸೆ ತಟ್ಟೆಯ ಮುಂದೆ ಕೂತಿರುವುದನ್ನು ಕಂಡು ಮಾವ ಹೊಸಲಿನಲ್ಲೇ ನಿಂತರು. ಅವಳು ಏಳಲು ಹೋದಳು. ಅತ್ತೆ ಅವಳ ಭುಜ ಒತ್ತಿ ಕೂರಿಸಿದರು.

"ಏನಮ್ಮಿ ಇದು? ನಮ್ಗೆ ಇಟ್ಟಿಲ್ವಾ?" ಎಂದರು ಮಾವ.

"ಬಯಕೆ. ಸುಮ್ಕೆ ಆಚೆ ಕೂತ್ಕಳಿ. ಕಿವಿ ಸೋರೋ ಮಗ ಬೇಕಾ ನಿಮ್ಗೆ?"

ಮಾವ ಹೋಗಿ ಜಗಲಿಯ ಮೇಲೆ, ಎಮ್ಮೆಯ ಪಕ್ಕದಲ್ಲಿ ಕೂತರು. ಗಂಡುಮಕ್ಕಳೂ ಹಿಂದೆಯೇ ಹೋದರು. ಹುಡುಗಿಗೆ ಮೊದಲ ತುತ್ತು ಇಳಿಯಲಿಲ್ಲ. ಕಣ್ಣಿಂದ ನೀರು ಇಳಿಯಿತು. "ಅಳೋದ್ ಆಮ್ಯಾಕೆ ಅಳೀವಂತೆ, ಉಣ್ಣು, ಆರೋಯ್ತದೆ," ಎಂದು ಅತ್ತೆ ಗದರಿದರು. ಅವಳು ಉಂಡಳು. ಅತ್ತೆ ನೋಡುತ್ತ ನಿಂತರು. ಇನ್ನೂ ಅರ್ಧ ಮುದ್ದೆ ಹಾಕಿದರೆ ಅದನ್ನೂ ಉಂಡಳು.

ಬಯಕೆ ಒಂದು ದಿನಕ್ಕೆ ತೀರುತ್ತದೋ ದಿನಾ ತೀರಿಸಬೇಕೋ ಎಂದು ಅತ್ತೆ ನನ್ನನ್ನು ಕೇಳಿದರು. ಹೆರಿಗೆಯ ತನಕ ದಿನಾ ಎಂದು ನಾನು ಕಣ್ಣು ಮಿಟುಕಿಸದೆ ಹೇಳಿದೆ. ಉಂಡೆಯನ್ನೂ ಆ ಊಟದ ಜೊತೆಗೇ ಸೇರಿಸಿದೆ. ಆವತ್ತಿನಿಂದ ಡಬ್ಬ ಅತ್ತೆಯ ಕೈಯಳತೆಯ ಗೂಡಿಗೆ ಹೋಯಿತು, ಮಾವನ ಕೈಗೆ ಸಿಗಲಿಲ್ಲ. ಮಂಡ್ಯಕ್ಕೆ ಬಂದು ಡಾಕ್ಟರಿಗೆ ಎಲ್ಲ ಹೇಳಿದೆ. ಕಿವಿಯ ಮಾತಿಗೆ ಬೈದರು. ಆಮೇಲೆ ಕನ್ನಡಕ ಒರೆಸಿಕೊಂಡು, "ಬೇಳೆ ಎಷ್ಟು, ಬೀಜ ಎಷ್ಟು ಅಂತ ತಲೆ ಕೆಡಿಸಿಕೊಂಡೆವು. ಯಾವಾಗ ಉಣ್ತಾರೆ ಅಂತ ಕೇಳಲೇ ಇಲ್ಲ," ಎಂದರು. ನನ್ನ ಸುತ್ತಾಟ ನಿಲ್ಲಲಿಲ್ಲ. ಹೆರಿಗೆಯಾಗುವ ತನಕ ಬಸ್ಸಿನಿಂದ ಬಸ್ಸಿಗೆ ಹಾರುತ್ತಲೇ ಇದ್ದೆ.

ಹೆಣ್ಣುಕೂಸು. ಅದೇ ಬಟ್ಟೆಯ ಜೋಲಿ ತೆಗೆದುಕೊಂಡು ಹೋದೆ. ಕೂಸನ್ನು ಮಲಗಿಸಿದರೆ ಮುಳ್ಳು ಸರಕ್ಕನೆ ಇಳಿಯಿತು. ಕೂಸು ಊರಿಗೆಲ್ಲ ಕೇಳುವ ಹಾಗೆ ಕಿರುಚಿತು. ಒಳಗಿನಿಂದ ಬಾಣಂತಿ ನಕ್ಕ ಸದ್ದು ಕೇಳಿಸಿತು. ಹೆಣ್ಣಾಯಿತಲ್ಲ ಎಂದು ಯಾರಾದರೂ ಗೊಣಗುತ್ತಾರೇನೋ ಎಂದು ನಾನು ಜಗಳಕ್ಕೆ ತಯಾರಾಗಿ ನಿಂತಿದ್ದೆ. ಅತ್ತೆ ಬಂದು ಕೂಸನ್ನು ಎತ್ತಿಕೊಂಡು, ಅದರ ಕಿವಿಗಳನ್ನು ಒಂದೊಂದಾಗಿ ನನಗೆ ತೋರಿಸಿದರು.

"ನೋಡ್ಕ ಪುಡಿಯಮ್ಮ. ಎಲ್ಡೂ ಒಣಗವೆ."

"ಎಲ್ಲ ನಿಮ್ಮಿಂದಲೇ ಅಮ್ಮ," ಎಂದೆ. ಅದು ನಿಜವೂ ಆಗಿತ್ತು. ಸುಮ್ಮನಿರಬಾರದೆ, ತಮಾಷೆಗೆ ಕೇಳಿದೆ: "ನೀವು ಬಸುರಿಯಾಗಿದ್ದಾಗ ನಿಮಗೇನು ಬಯಕೆ ಇತ್ತು?"

"ನಂಗ್ಯಾರು ಕೇಳಿದ್ರವ್ವ," ಎಂದು ನಕ್ಕರು. ಕೂಸಿನ ತಲೆಯ ಮೇಲೆ ಬಟ್ಟೆ ಎಳೆದರು. ನಗು ನಿಂತಿತು. "ಅವತ್ತು ಅವ್ಳು ಉಣ್ಣಾದ ನೋಡ್ಕಂಡ್ ನಿಂತಿದ್ನಲ್ಲ. ನಂಗೂ ಅದೇ ಇತ್ತು ಕಣವ್ವ."

ಹೊರಗೆ ಎಮ್ಮೆ ಕೂಗಿತು. ಕೂಸನ್ನು ನನ್ನ ಕೈಗೆ ಕೊಟ್ಟು, ಹಾಲು ಕರೆಯಲು ಎದ್ದು ಹೋದರು.